‘ವೈನ್ಸ್’ ಬೋರ್ಡಿನ ಅಂಗಡಿಯಲ್ಲಿ ಸಾವಿರ ರೂಪಾಯಿಗೆ ಏನು ತಗೊಳ್ಳೋದು?

ನಮ್ಮ ವಿಜಯಪುರದಲ್ಲಿ ಯಾವ ಮದ್ಯದಂಗಡಿಯ ಬೋರ್ಡ್ ನೋಡಿದರೂ ಹೆಸರಿನ ಕೊನೆಗೆ ‘ವೈನ್ಸ್’ ಅಂತ ಇದ್ದೇ ಇರುತ್ತದೆ. ಒಳಗೆ ಹೋಗಿ ವೈನ್ ಕೇಳಿ ನೋಡಿ. ಹುಡುಗ ಒಂದು ಸಲ ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಸ್ಟೂಲ್ ಹತ್ತಿ ಮೇಲಿನ ಹಲಗೆಯಿಂದ ಒಂದು ಬಾಟಲಿ ಇಳಿಸುತ್ತಾನೆ. ಹೆಗಲ ಮೇಲಿನ ಬಟ್ಟೆಯಿಂದ ಧೂಳು ಝಾಡಿಸಿ ಕೌಂಟರ್ ಮೇಲೆ ಇಡುತ್ತಾನೆ. ರಾಜ್ಯದಲ್ಲೇ ಎಲ್ಲಕ್ಕಿಂತ ಜಾಸ್ತಿ ದ್ರಾಕ್ಷಿ ಬೆಳೆಯುವ ಜಿಲ್ಲೆ ಇದು. ಧೂಳು ಹಿಡಿಯುವುದು ಮಾತ್ರ ದ್ರಾಕ್ಷಿಯ ಬಾಟಲಿಗೇ!

ಆ ಸ್ಟೂಲ್ ಹತ್ತುವ ಹುಡುಗ ಒಂದು ಕಾಲಕ್ಕೆ ನಾನೇ ಆಗಿದ್ದೆ. ಸೋದರಮಾವನ ಅಂಗಡಿಯಲ್ಲಿ ಎಂಟು ವರ್ಷ ಕೌಂಟರ್ ನೋಡಿಕೊಂಡೆ. ಈಗ ಒಣದ್ರಾಕ್ಷಿ ವ್ಯಾಪಾರ ಮಾಡುತ್ತೇನೆ, ಬಾಟಲಿಗಳ ಸಹವಾಸ ಬಿಟ್ಟಿದ್ದೇನೆ. ಆದರೆ ನೆಂಟರು ಬಿಟ್ಟಿಲ್ಲ. ಯಾರ ಮನೆಯಲ್ಲಿ ಏನು ಕಾರ್ಯ ಇದ್ದರೂ ಫೋನ್ ಬರುತ್ತದೆ. “ಭಾವಾ, ಸಾವಿರದೊಳಗ ಒಂದ್ ಛಲೋ ಬಾಟ್ಲಿ ಹೇಳ್ರಿ.” ಅವರಿಗೆ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಎರಡು ಮಾತು. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮದ್ಯ ಮಾರುವ ಹಾಗಿಲ್ಲ. ಹಾಗಾಗಿ ಇದು ದೊಡ್ಡವರಿಗೆ ಬರೆದದ್ದು. ಇನ್ನೊಂದು, ಯಾವ ಬಾಟಲಿಗೆ ಎಷ್ಟು ರೂಪಾಯಿ ಅಂತ ನಾನು ಬರೆಯುವುದಿಲ್ಲ. ಅದು ಬಜೆಟ್ ಬಂದಾಗಲೆಲ್ಲ ಬದಲಾಗುತ್ತದೆ. ಬಾಟಲಿಯ ಮೇಲೆ ಎಂಆರ್‌ಪಿ ಇರುತ್ತದಲ್ಲ, ಅದನ್ನೇ ನೋಡಿ.

ಬ್ರಾಂಡ್ ಆಮೇಲೆ, ಮೊದಲು ಕಾಕಂಬಿ

ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಕಬ್ಬಿನ ಟ್ರ್ಯಾಕ್ಟರ್ ಸಾಲು ಹೊಸದಲ್ಲ. ಮುಧೋಳ, ಜಮಖಂಡಿ ದಾರಿಯಲ್ಲಿ ಸೀಜನ್ನಿಗೆ ಹೋದರೆ ಒಂದು ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದನ್ನು ನೀರು, ಯೀಸ್ಟ್ ಹಾಕಿ ಹುಳಿಸಿ, ಎತ್ತರದ ಕಂಬದಂಥ ಯಂತ್ರದಲ್ಲಿ ಬಟ್ಟಿ ಇಳಿಸುತ್ತಾರೆ. ಬರುವುದು ಶೇಕಡಾ 96ರಷ್ಟು ಆಲ್ಕೋಹಾಲ್ ಇರುವ ಸ್ಪಿರಿಟ್. ಅದಕ್ಕೆ ಬಣ್ಣವಿಲ್ಲ, ರುಚಿ ಇಲ್ಲ, ವಾಸನೆಯೂ ಇಲ್ಲ ಅನ್ನುವಷ್ಟು ಕಡಿಮೆ. ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್ ಅನ್ನುತ್ತಾರೆ, ಗೋಡೌನಿನ ಮಂದಿ ಬಾಯಲ್ಲಿ ಸುಮ್ನೆ ‘ಇಎನ್‌ಎ’.

ಕಡಿಮೆ ಬೆಲೆಯ ವಿಸ್ಕಿ, ಬ್ರಾಂಡಿ, ರಮ್, ವೋಡ್ಕಾ ಎಲ್ಲದಕ್ಕೂ ಹೆಚ್ಚು ಕಡಿಮೆ ಇದೇ ತಾಯಿ. ನೀರು ಬೆರೆಸಿ ಶೇಕಡಾ 42.8ಕ್ಕೆ ಇಳಿಸುತ್ತಾರೆ. ಸುಟ್ಟ ಸಕ್ಕರೆಯ ಬಣ್ಣ, ಒಂದಿಷ್ಟು ಪರಿಮಳ ಸೇರಿಸುತ್ತಾರೆ. ವಿಸ್ಕಿಗಾದರೆ ಸ್ವಲ್ಪ ಮಾಲ್ಟ್ ಸ್ಪಿರಿಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯದು, ಬ್ರಾಂಡಿಗಾದರೆ ಸ್ವಲ್ಪ ದ್ರಾಕ್ಷಿ ಸ್ಪಿರಿಟ್. ಸುಳ್ಳು ಅನಿಸಿದರೆ ಬಾಟಲಿ ತಿರುಗಿಸಿ ಹಿಂದಿನ ಚೀಟಿ ಓದಿ. ಸಣ್ಣ ಅಕ್ಷರದಲ್ಲಿ ನ್ಯೂಟ್ರಲ್ ಸ್ಪಿರಿಟ್, ಕ್ಯಾರಮೆಲ್ 150ಎ, ಕೃತಕ ಪರಿಮಳ ಅಂತ ಇರುತ್ತದೆ. ಯುರೋಪಿನ ಕಾನೂನಿನಲ್ಲಿ ವಿಸ್ಕಿ ಅನ್ನಬೇಕಾದರೆ ಅದು ಧಾನ್ಯದಿಂದಲೇ ಆಗಿರಬೇಕು. ಕಾಕಂಬಿಯ ವಿಸ್ಕಿಗೆ ಅಲ್ಲಿ ಆ ಹೆಸರೇ ಸಿಗುವುದಿಲ್ಲ.

ಹಾಗಾದರೆ ಕಡಿಮೆ ದುಡ್ಡಿಗೆ ಏನು ತಗೊಳ್ಳೋದು? ನನ್ನ ಉತ್ತರ ಎಂಟು ವರ್ಷದಿಂದ ಒಂದೇ: ರಮ್. ಕಾರಣ ಸರಳ. ರಮ್ ಅಂದರೇ ಕಬ್ಬಿನದು. ಅದು ಬೇರೆ ಯಾರದೋ ವೇಷ ಹಾಕಿಕೊಂಡಿಲ್ಲ. ಕಾಕಂಬಿಗೆ ಹುಟ್ಟಿನಿಂದ ಬಂದ ಬೆಲ್ಲದ ವಾಸನೆ ಚೂರು ಉಳಿದರೂ ರಮ್‌ಗೆ ಒಪ್ಪುತ್ತದೆ, ವಿಸ್ಕಿಗೆ ಒಪ್ಪುವುದಿಲ್ಲ. ಅದೇ ದುಡ್ಡಿನ ವಿಸ್ಕಿ ಮತ್ತು ರಮ್ ಎರಡು ಲೋಟಕ್ಕೆ ಹಾಕಿ, ಸೋಡಾ ಹಾಕದೆ ಬರೀ ನೀರು ಬೆರೆಸಿ ಮೂಸಿ ನೋಡಿ. ವಿಸ್ಕಿ ಮೂಗು ಸುಡುತ್ತದೆ, ಹಿಂದೆ ಒಂದು ಎಸೆನ್ಸ್ ವಾಸನೆ ಬರುತ್ತದೆ. ರಮ್ ಬೆಲ್ಲದ ಪಾಕದ ಹಾಗೆ ಇರುತ್ತದೆ.

ಯಾವ ರಮ್ ಅಂದರೆ, ಓಲ್ಡ್ ಮಂಕ್ ಎಲ್ಲರಿಗೂ ಗೊತ್ತು. ಮೋಹನ್ ಮೀಕಿನ್ ಕಂಪನಿಯದು, 1954ರಿಂದ ಇದೆ. ವೆನಿಲಾದ ಹಾಗೆ ಸಿಹಿ ಮೂಗು, ಹೊಸಬರಿಗೆ ಸಲೀಸು. ನಮ್ಮ ರಾಜ್ಯದ್ದೇ ಬೇಕು ಅನ್ನುವವರಿಗೆ ಖೋಡೆಯವರ ಹರ್ಕ್ಯುಲಸ್, ಅಮೃತ್ ಡಿಸ್ಟಿಲರಿಯ ಓಲ್ಡ್ ಪೋರ್ಟ್ ಇವೆ. ಹರ್ಕ್ಯುಲಸ್ ಸ್ವಲ್ಪ ಗಡುಸು. ಓಲ್ಡ್ ಪೋರ್ಟ್ ಹೆಸರು ನೋಡಿ ಪೋರ್ಟ್ ವೈನ್ ಅಂದುಕೊಂಡು ಕೊಂಡವರನ್ನು ಕಂಡಿದ್ದೇನೆ. ಅದು ಅಪ್ಪಟ ರಮ್. ನನಗೆ ಓಲ್ಡ್ ಪೋರ್ಟ್ ಹಿಡಿಸುತ್ತದೆ, ಮಾವನಿಗೆ ಹರ್ಕ್ಯುಲಸ್. ಈ ವಿಷಯದಲ್ಲಿ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ವಿಸ್ಕಿಯೇ ಆಗಬೇಕು ಅಂತ ಹಟ ಮಾಡುವವರು ಜಾಸ್ತಿ. ಬೀಗರ ಮುಂದೆ ರಮ್ ಇಟ್ಟರೆ ಮರ್ಯಾದೆ ಹೋಗುತ್ತದಂತೆ. ಅವರಿಗೆ ಒಂದೇ ಸೂತ್ರ: ಲೇಬಲ್ ಮೇಲೆ ಧಾನ್ಯದ ಸ್ಪಿರಿಟ್, ಅಂದರೆ ಗ್ರೇನ್ ಸ್ಪಿರಿಟ್, ಅಂತ ಬರೆದಿರುವ ಕಡೆಯಿಂದ ಶುರು ಮಾಡಿ. 1995ರಲ್ಲಿ ಬಂದ ರಾಯಲ್ ಸ್ಟ್ಯಾಗ್ ಈ ದಾರಿಯದು. ಭಾರತದ ಧಾನ್ಯದ ಸ್ಪಿರಿಟ್ ಜೊತೆ ಆಮದು ಮಾಡಿದ ಸ್ಕಾಚ್ ಮಾಲ್ಟ್ ಸೇರಿಸಿರುತ್ತಾರೆ. ಅದಕ್ಕಿಂತ ಕೆಳಗಿನ ಬೆಲೆಯಲ್ಲಿ ಹತ್ತು ಬ್ರಾಂಡ್ ಇವೆ. ಅವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ನೂರು ರೂಪಾಯಿ ಜಾಸ್ತಿ ಕೊಟ್ಟರೆ ನಾಲಿಗೆಗೆ ನೂರು ರೂಪಾಯಿಯ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದಕ್ಕೂ ಒಂದು ಕಾರಣ ಇದೆ. ನಮ್ಮಲ್ಲಿ ಅಬಕಾರಿ ತೆರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಸ್ಲ್ಯಾಬ್ ಅಂತ ಕರೆಯುತ್ತಾರೆ. ಕಂಪನಿ ಹೇಳಿದ ಮೂಲ ಬೆಲೆ ಸ್ವಲ್ಪ ಏರಿದರೂ ಮುಂದಿನ ಮೆಟ್ಟಿಲಿಗೆ ಬೀಳುತ್ತದೆ, ತೆರಿಗೆ ಹಾರುತ್ತದೆ. ನೀವು ಕೊಟ್ಟ ಹೆಚ್ಚಿನ ದುಡ್ಡಲ್ಲಿ ದೊಡ್ಡ ಪಾಲು ಬಾಟಲಿಯೊಳಗೆ ಹೋಗುವುದೇ ಇಲ್ಲ. 2024ರಲ್ಲಿ 18 ಇದ್ದ ಸ್ಲ್ಯಾಬ್‌ಗಳನ್ನು 16ಕ್ಕೆ ಇಳಿಸಿದಾಗ ದುಬಾರಿ ಬ್ರಾಂಡ್‌ಗಳ ರೇಟ್ ಕೆಳಗೆ ಬಂತು. ಒಳಗಿನ ಮಾಲು ಅದೇ, ಹೊರಗಿನ ಚೀಟಿ ಮಾತ್ರ ಬೇರೆ. ನಮ್ಮ ಗಿರಾಕಿಯೊಬ್ಬರು “ಇಷ್ಟು ದಿನ ನಾ ಕುಡದದ್ದು ತೆರಿಗಿನ ಏನೋ” ಅಂದಿದ್ದರು.

ಬ್ರಾಂಡಿ ವಿಷಯ ಬೇಗ ಮುಗಿಸುತ್ತೇನೆ. ನಿಜವಾದ ಬ್ರಾಂಡಿ ಅಂದರೆ ವೈನನ್ನು ಬಟ್ಟಿ ಇಳಿಸಿ ಮಾಡಿದ್ದು. ಅಗ್ಗದ ಬ್ರಾಂಡಿಯಲ್ಲಿ ದ್ರಾಕ್ಷಿ ಹೆಸರಿಗೆ ಮಾತ್ರ. ಮ್ಯಾನ್ಷನ್ ಹೌಸ್, ಅಮೃತ್‌ನ ಸಿಲ್ವರ್ ಕಪ್ ಹಳೆಯ ಹೆಸರುಗಳು, ಸಿಹಿ ಇಷ್ಟಪಡುವವರಿಗೆ ಅಡ್ಡಿಯಿಲ್ಲ. ಆದರೆ ಬ್ರಾಂಡಿ ಅಂದರೆ ಔಷಧಿ ಅನ್ನುವ ಮಾತು ಬಿಡಿ. ಚಳಿಗಾಲದಲ್ಲಿ ವಾರಕ್ಕೊಬ್ಬರಾದರೂ ಬಂದು “ಕೂಸಿಗೆ ನೆಗಡಿ ಆಗೇತ್ರಿ, ಒಂದ್ ನೈಂಟಿ ಬ್ರಾಂಡಿ ಕೊಡ್ರಿ” ಅನ್ನುತ್ತಿದ್ದರು. ನಾನು ಕೊಡುತ್ತಿರಲಿಲ್ಲ. ಆಲ್ಕೋಹಾಲ್ ಚರ್ಮದ ಕೆಳಗಿನ ರಕ್ತನಾಳ ಹಿಗ್ಗಿಸುತ್ತದೆ, ಅದಕ್ಕೆ ಬೆಚ್ಚಗೆ ಅನಿಸುತ್ತದೆ. ಒಳಗಿನ ಶಾಖ ಅದೇ ದಾರಿಯಲ್ಲಿ ಹೊರಗೆ ಹೋಗುತ್ತಿರುತ್ತದೆ. ಮಕ್ಕಳಿಗೆ ಒಂದು ಚಮಚವೂ ಬೇಡ.

ವೋಡ್ಕಾದಲ್ಲಿ ಆರಿಸುವುದಕ್ಕೆ ಏನೂ ಇಲ್ಲ. ರುಚಿ ಇಲ್ಲದಿರುವುದೇ ಅದರ ರುಚಿ. ನಿಂಬೆಹಣ್ಣು ಹಿಂಡುವವರು ಕಡಿಮೆ ಬೆಲೆಯದೇ ತಗೊಳ್ಳಲಿ.

ಪಾಕೀಟಿನ ಲೆಕ್ಕ

ಕೌಂಟರ್‌ನಲ್ಲಿ ಕೂತವರಿಗೆ ಬರುವ ಒಂದು ಚಟ ಅಂದರೆ ಭಾಗಾಕಾರ. 750 ಎಂಎಲ್‌ನ ಫುಲ್ ಬಾಟಲಿಯಲ್ಲಿ 30ರ ಪೆಗ್ 25. ಎಂಆರ್‌ಪಿಯನ್ನು 25ರಿಂದ ಭಾಗಿಸಿದರೆ ಒಂದು ಸಣ್ಣ ಪೆಗ್ಗಿನ ಬೆಲೆ. ವೈನ್ ಆದರೆ 150 ಎಂಎಲ್‌ನ ಐದು ಗ್ಲಾಸ್, ಐದರಿಂದ ಭಾಗಿಸಿ. ಇನ್ನೊಂದು ಸಣ್ಣ ಮೋಸ ನಮಗೆ ನಾವೇ ಮಾಡಿಕೊಳ್ಳುವುದು: ನಾಲ್ಕು ಕ್ವಾರ್ಟರ್ ಅಂದರೆ ಒಂದು ಫುಲ್ ಅಂತ. 180ನ್ನು ನಾಲ್ಕರಿಂದ ಗುಣಿಸಿ. 720 ಬರುತ್ತದೆ. ಒಂದು ಪೆಗ್ ಎಲ್ಲಿ ಹೋಯಿತು?

ದುಡ್ಡಿಗಿಂತ ಮುಖ್ಯವಾದ ಲೆಕ್ಕ ಆಲ್ಕೋಹಾಲ್‌ನದು. ಮದುವೆ ಮನೆಗೆ ಎಷ್ಟು ತರಬೇಕು ಅಂತ ಕೇಳುವವರಿಗೆ ನಾನು ಇದನ್ನೇ ಹಾಳೆಯ ಮೇಲೆ ಬರೆದುಕೊಡುತ್ತಿದ್ದೆ. ವಿಸ್ಕಿ, ರಮ್ ಯಾವುದಾದರೂ ಸರಿ, ಒಂದು ಕ್ವಾರ್ಟರ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 77 ಎಂಎಲ್. 60ರ ದೊಡ್ಡ ಪೆಗ್ಗಿನಲ್ಲಿ 26. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ ಶೇಕಡಾ 8 ಇದ್ದರೆ 52. ಅದೇ ಶೇಕಡಾ 5ರ ಲೈಟ್ ಬಿಯರ್ ಆದರೆ 32 ಚಿಲ್ಲರೆ. ಶೇಕಡಾ 12.5ರ ವೈನ್ ಇಡೀ ಬಾಟಲಿಯಲ್ಲಿ 94, ಒಂದು ಗ್ಲಾಸಿನಲ್ಲಿ 19.

ಇದರಲ್ಲಿ ಎಲ್ಲರೂ ಬೆಚ್ಚಿ ಬೀಳುವ ಸಾಲು ಬಿಯರ್‌ನದು. “ನಾ ಏನ್ ಕುಡಿಯೂದಿಲ್ರಿ, ಬರೇ ಬಿಯರ್” ಅನ್ನುವ ಮನುಷ್ಯ ಒಂದು ಸ್ಟ್ರಾಂಗ್ ಮುಗಿಸಿದರೆ ಎರಡು ದೊಡ್ಡ ಪೆಗ್ ಹಾಕಿದ ಹಾಗೆ. ಎರಡು ಬಾಟಲಿ ಆದರೆ ಕ್ವಾರ್ಟರ್ ದಾಟಿ ಬಹಳ ಮುಂದೆ ಹೋಗಿರುತ್ತಾನೆ. ಆಮೇಲೆ ಬೈಕ್ ಕೀಲಿ ಹುಡುಕುತ್ತಾನೆ. ಕಾನೂನಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕರೆ 10,000 ರೂಪಾಯಿ ತನಕ ದಂಡ, ಜೈಲೂ ಆಗಬಹುದು. ಆ ದುಡ್ಡಲ್ಲಿ ಹತ್ತು ಸಲ ನಾನು ಹೇಳುವ ಬಾಟಲಿ ಬರುತ್ತದೆ. ಆಟೋದವನಿಗೆ ಕೊಟ್ಟರೆ ನೂರರಲ್ಲಿ ಮುಗಿಯುತ್ತದೆ.

ಇನ್ನೊಂದು ಸಾಲೂ ನೋಡಿ. ವೈನ್ ಬಾಟಲಿ ಇಡಿಯಾಗಿ ಒಂದು ಕ್ವಾರ್ಟರ್‌ಗಿಂತ ಸ್ವಲ್ಪ ಮೇಲೆ ಅಷ್ಟೆ. ಮನೆಯಲ್ಲಿ ನಾಲ್ಕು ಜನ ಊಟದ ಜೊತೆ ಹಂಚಿಕೊಂಡರೆ ತಲೆಗೆ ಒಂದು ದೊಡ್ಡ ಪೆಗ್ಗೂ ಆಗುವುದಿಲ್ಲ. ಗಂಡ ಹೆಂಡತಿ, ಅತ್ತಿಗೆ, ಭಾವ ಎಲ್ಲ ಕೂತು ಹರಟೆ ಹೊಡೆಯುವ ಸಂಜೆಗೆ ವೈನ್ ಅಗ್ಗ ಅಂತ ನಾನು ಹೇಳುವುದು ಈ ಲೆಕ್ಕದ ಮೇಲೆ. ಕಿಕ್ ಬೇಕು ಅನ್ನುವವನಿಗೆ ವೈನ್ ಯಾವತ್ತೂ ದುಬಾರಿಯೇ.

ವೈನ್: ನಮ್ಮ ಊರಿನ ಬಿಸಿಲು ಅದರ ಶತ್ರು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ದುಡ್ಡು ಹಾಳಾಗುವುದು ಇಲ್ಲೇ ಜಾಸ್ತಿ.

ಮೊದಲು ಒಂದು ತಪ್ಪು ತಿಳಿವಳಿಕೆ. ತಿಕೋಟಾ, ಬಬಲೇಶ್ವರ ಕಡೆ ಇಷ್ಟು ದ್ರಾಕ್ಷಿ ಇದೆಯಲ್ಲ, ಅದರಿಂದಲೇ ವೈನ್ ಮಾಡುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮಲ್ಲಿ ಹೆಚ್ಚಾಗಿ ಇರುವುದು ಥಾಮ್ಸನ್ ಸೀಡ್‌ಲೆಸ್. ತೆಳು ಸಿಪ್ಪೆ, ಬೀಜ ಇಲ್ಲ, ತಿನ್ನಲು ಮತ್ತು ಒಣಗಿಸಲು ಬಂಗಾರದಂಥ ಹಣ್ಣು. ಅದು ಶೆಡ್ಡಿನ ಬಲೆಯ ಮೇಲೆ ಒಣಗಿ ತಾಸಗಾಂವ್ ಮಾರ್ಕೆಟ್ಟಿನ ತನಕ ಹೋಗುತ್ತದೆ. ಆದರೆ ಕೆಂಪು ವೈನಿಗೆ ಬಣ್ಣವೂ ಒಗರೂ ಬರುವುದು ಸಿಪ್ಪೆ, ಬೀಜದಿಂದ. ಅದಕ್ಕೆ ಬೇಕಾದ ಹಣ್ಣು ಸಣ್ಣದು, ದಪ್ಪ ಸಿಪ್ಪೆಯದು. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಇಂಥವು. ಬಿಳಿ ವೈನಿಗೆ ಶೆನಿನ್ ಬ್ಲಾಂಕ್, ಸೊವಿನ್ಯೋನ್ ಬ್ಲಾಂಕ್. ಸರ್ಕಾರ 2007ರಲ್ಲಿ ವೈನ್ ನೀತಿ ತಂದು ನಂದಿ ಕಣಿವೆಯ ಜೊತೆ ನಮ್ಮ ಕೃಷ್ಣಾ ಕಣಿವೆಯನ್ನೂ ವೈನ್ ಪ್ರದೇಶ ಅಂತ ಗುರುತಿಸಿತು. ಅದೇ ವರ್ಷ ಜುಲೈನಲ್ಲಿ ಸಾರಾಯಿ ನಿಂತಿತು. ಸಾರಾಯಿ ಕುಡಿಯುತ್ತಿದ್ದವರು ವೈನಿಗೆ ಬರಲಿಲ್ಲ, ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕೆಟ್ಟಿಗೆ ಹೋದರು.

ನಮ್ಮ ಅಂಗಡಿಗಳಿಗೆ ವೈನ್ ಬರುವುದು ಮೂರು ಕಡೆಯಿಂದ ಅಂತ ಇಟ್ಟುಕೊಳ್ಳಿ. ನಾಸಿಕದ ಸುಲಾ. ದೊಡ್ಡಬಳ್ಳಾಪುರದ ಗ್ರೋವರ್, ಅದು 1988ರಲ್ಲಿ ಶುರುವಾದದ್ದು. ಮತ್ತೆ ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಫ್ರಾಟೆಲ್ಲಿ. ಅಕಲೂಜ್ ಅಂದರೆ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಇಟಲಿ ಹೆಸರು ನೋಡಿ ಇಂಪೋರ್ಟೆಡ್ ಅಂದುಕೊಂಡು ಜಂಬ ಕೊಚ್ಚಿಕೊಂಡವರಿಗೆ ನಾನು ಯಾವತ್ತೂ ಏನೂ ಹೇಳಲಿಲ್ಲ.

ಈಗ ಆರಿಸುವುದು. ಮೊದಲ ಸಲ ವೈನ್ ಕುಡಿಯುವವರು ದ್ರಾಕ್ಷಿ ಜ್ಯೂಸ್ ನಿರೀಕ್ಷೆಯಲ್ಲಿ ಇರುತ್ತಾರೆ. ಆದರೆ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದೇ ಆಲ್ಕೋಹಾಲ್ ಆಗುವುದು. ಪೂರ್ತಿ ತಿಂದುಬಿಟ್ಟರೆ ಸಿಹಿ ಉಳಿಯುವುದಿಲ್ಲ, ಅದನ್ನೇ ಡ್ರೈ ಅನ್ನುವುದು. ಡ್ರೈ ರೆಡ್ ವೈನ್ ಮೊದಲ ಗುಟುಕಿಗೆ ಹಸಿ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಹಿಡಿಯುತ್ತದೆ. “ಕೆಟ್ಟೇತ್ರಿ ಇದು” ಅಂತ ವಾಪಸ್ ತಂದವರು ಎಷ್ಟು ಜನ! ಕೆಟ್ಟಿರಲಿಲ್ಲ, ಅದು ಇರುವುದೇ ಹಾಗೆ.

ಹಾಗಾಗಿ ಹೊಸಬರಿಗೆ ನನ್ನ ಮೊದಲ ಸಲಹೆ ಶೆನಿನ್ ಬ್ಲಾಂಕ್. ಸುಲಾದ ಶೆನಿನ್‌ನಲ್ಲಿ ಸ್ವಲ್ಪ ಸಿಹಿ ಉಳಿಸಿರುತ್ತಾರೆ. ಚೆನ್ನಾಗಿ ತಣ್ಣಗೆ ಮಾಡಿದರೆ ನಮ್ಮ ಮೆಣಸಿನಕಾಯಿ ಭಜಿ, ಖಾರದ ಚುರುಮುರಿ ಜೊತೆಗೂ ಹೋಗುತ್ತದೆ. ಖಾರಕ್ಕೆ ಸಿಹಿ ಸಮಾಧಾನ ಹೇಳುತ್ತದೆ. ಅದೇ ಡ್ರೈ ರೆಡ್ ವೈನನ್ನು ಸಾವಜಿ ಮಟನ್ ಜೊತೆ ಕುಡಿದು ನೋಡಿ. ಒಗರು ಮತ್ತು ಖಾರ ಒಂದರ ಮೇಲೊಂದು ಬಿದ್ದು ಬಾಯಿ ಉರಿದುಹೋಗುತ್ತದೆ. ರೆಡ್ ಬೇಕೇ ಬೇಕು ಅಂದರೆ ಮನೆಯಲ್ಲಿ ಖಾರ ಕಡಿಮೆ ಹಾಕಿ ಮಾಡಿದ ಮಟನ್, ಹುರಿದ ಕೋಳಿ, ಇಲ್ಲಾ ಎಣ್ಣೆಗಾಯಿ. ಎಣ್ಣೆಗಾಯಿಯ ಶೇಂಗಾ, ಎಳ್ಳಿನ ಜಿಡ್ಡಿಗೆ ಶಿರಾಜ್ ಚೆನ್ನಾಗಿ ಕೂರುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ನಮ್ಮ ಮನೆಯ ಹಿತ್ತಲಲ್ಲಿ ಕಂಡದ್ದು.

ಪೋರ್ಟ್ ವೈನ್, ರೂಬಿ ಅಂತ ಸಿಹಿ ಕೆಂಪು ವೈನುಗಳು ಇದಕ್ಕಿಂತ ಅಗ್ಗ. ಗೋವಾಕ್ಕೆ ಹೋದವರೆಲ್ಲ ತರುವುದು ಇದನ್ನೇ. ಪೋರ್ಚುಗಲ್‌ನ ನಿಜವಾದ ಪೋರ್ಟ್‌ನಲ್ಲಿ ಹುಳಿಯುವುದನ್ನು ಮಧ್ಯದಲ್ಲಿ ದ್ರಾಕ್ಷಿ ಸ್ಪಿರಿಟ್ ಹಾಕಿ ನಿಲ್ಲಿಸುತ್ತಾರೆ. ನಮ್ಮ ಅಗ್ಗದ ಪೋರ್ಟ್‌ಗೂ ಅದಕ್ಕೂ ಸಂಬಂಧ ದೂರದ್ದು. ಕೆಟ್ಟದ್ದು ಅನ್ನುವುದಿಲ್ಲ. ಐಸ್ ಹಾಕಿಕೊಂಡು ಶರಬತ್ತಿನ ಹಾಗೆ ಕುಡಿಯುವವರಿಗೆ ಸರಿ. ಆದರೆ ಶರಬತ್ತಿನ ಹಾಗೆ ಇಳಿಯುವುದೇ ಅದರ ತೊಂದರೆ ಕೂಡ, ಎಷ್ಟಾಯಿತು ಅಂತ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಆ ಕಡೆ ನೋಡಬೇಡಿ.

ಇನ್ನು ಬಿಸಿಲಿನ ಕಥೆ. ಕೆಲವು ವರ್ಷದ ಹಿಂದೆ, ಮೇ ತಿಂಗಳು. ಬೆಂಗಳೂರಿನಿಂದ ಹೆಂಡತಿಯ ತಮ್ಮ ಬಂದಿದ್ದ. ನಮ್ಮ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ ಅಂತ ಊರಿನ ಇನ್ನೊಂದು ಅಂಗಡಿಯಿಂದ ಒಳ್ಳೆಯ ರೆಡ್ ವೈನ್ ತಂದೆ. ಅಂಗಡಿಯ ಹೆಸರು ಬೇಡ. ಬಾಟಲಿ ರಸ್ತೆ ಕಡೆಯ ಗಾಜಿನ ಶೋಕೇಸಿನಲ್ಲಿ ನಿಂತಿತ್ತು, ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಕೈಗೆ ತಗೊಂಡಾಗ ಬಿಸಿ ಚಹಾದ ಲೋಟದ ಹಾಗಿತ್ತು. ಆಗಲೇ ಎಚ್ಚರ ಆಗಬೇಕಿತ್ತು ನನಗೆ. ಫ್ರಿಜ್ಜಿನಲ್ಲಿ ಇಟ್ಟರೆ ಸರಿಹೋಗುತ್ತದೆ ಅಂದುಕೊಂಡೆ. ರಾತ್ರಿ ಮುಚ್ಚಳ ತೆಗೆದು ಗ್ಲಾಸಿಗೆ ಹಾಕಿದರೆ ಬಣ್ಣವೇ ಬೇರೆ. ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೂಸಿದರೆ ಕುದಿಸಿದ ಒಣದ್ರಾಕ್ಷಿ. ಬಾಯಿಗೆ ಹಾಕಿದರೆ ಹುಣಸೆ ನೀರು. ಭಾವಮೈದುನ ಒಳ್ಳೆಯವನು, “ಚೆನ್ನಾಗಿದೆ ಭಾವ” ಅಂದ. ಎರಡನೇ ಗುಟುಕು ಮಾತ್ರ ತಗೊಳ್ಳಲಿಲ್ಲ.

ವೈನ್ ಇಡಬೇಕಾದ್ದು 12ರಿಂದ 15 ಡಿಗ್ರಿಯಲ್ಲಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ತಗಡಿನ ಮೇಲ್ಛಾವಣಿಯ ಅಂಗಡಿಯ ಮೇಲಿನ ಹಲಗೆಯಲ್ಲಿ ಇನ್ನೂ ಜಾಸ್ತಿ, ಬಿಸಿ ಗಾಳಿ ಮೇಲೇ ಸೇರುತ್ತದಲ್ಲ. ವಿಸ್ಕಿ, ರಮ್‌ಗೆ ಇದರಿಂದ ಅಂಥ ತೊಂದರೆ ಇಲ್ಲ, ಅವುಗಳ ಆಲ್ಕೋಹಾಲೇ ಅವುಗಳ ಕಾವಲು. ವೈನ್ ಮಾತ್ರ ಹಾಲಿನ ಹಾಗೆ. ಎರಡು ವಾರದ ಬೇಸಿಗೆ ಸಾಕು ಅದರ ಪ್ರಾಣ ತೆಗೆಯಲು. ಅದಕ್ಕೆ ಮೇಲಿನ ಹಲಗೆಯ ಧೂಳು ಹಿಡಿದ ಬಾಟಲಿ ಬೇಡ. ಹಳೆಯ ವೈನ್ ರುಚಿ ಜಾಸ್ತಿ ಅನ್ನುವ ಮಾತು ನೆಲಮಾಳಿಗೆ ಇರುವ ಊರಿಗೆ, ದುಬಾರಿ ಬಾಟಲಿಗೆ. ಸಾವಿರದೊಳಗಿನ ವೈನ್ ಹೊಸದಾಗಿದ್ದಷ್ಟೂ ಒಳ್ಳೆಯದು. ಬಿಳಿ ವೈನ್ ಅಂತೂ ಲೇಬಲ್ ಮೇಲಿನ ವರ್ಷ ನೋಡಿಯೇ ತಗೊಳ್ಳಿ. ಎರಡು ವರ್ಷ ದಾಟಿದ್ದರೆ ಬೇರೆ ಕೇಳಿ.

ನಾನು ಬಾಟಲಿ ನೋಡುವ ಬಗೆ ಹೀಗೆ. ಕುತ್ತಿಗೆ ಹಿಡಿದು ಬೆಳಕಿಗೆ ಎತ್ತುತ್ತೇನೆ. ವೈನ್ ಎಲ್ಲಿ ತನಕ ತುಂಬಿದೆ ಅಂತ ನೋಡುತ್ತೇನೆ. ಕುತ್ತಿಗೆಯಿಂದ ಕೆಳಗೆ ಹೆಗಲಿಗೆ ಇಳಿದಿದ್ದರೆ ಒಳಗಿಂದ ಸೋರಿದೆ ಅಂತ ಅರ್ಥ. ಮುಚ್ಚಳದ ಕೆಳಗೆ ಬೆರಳು ಆಡಿಸುತ್ತೇನೆ, ಅಂಟು ಅಂಟು ಅನಿಸಿದರೆ ಬೇಡ. ಕಾರ್ಕ್ ಇದ್ದರೆ ಅದು ಗಾಜಿನ ಅಂಚಿಗಿಂತ ಮೇಲೆ ಉಬ್ಬಿದೆಯೇ ನೋಡುತ್ತೇನೆ. ಉಬ್ಬಿದ್ದರೆ ಬಿಸಿಲು ಕಂಡಿದೆ. ತಿರುಗಿಸುವ ಮುಚ್ಚಳದ ಬಾಟಲಿ ಕಡಿಮೆ ದರ್ಜೆ ಅಂತ ಮೂಗು ಮುರಿಯಬೇಡಿ. ನಮ್ಮ ಹವೆಗೆ ಅದೇ ಒಳ್ಳೆಯದು, ಒಣಗಿ ಸೀಳುವ ಕಾರ್ಕ್ ಇರುವುದಿಲ್ಲ. ಬಿಯರ್ ಕೂಲರ್‌ನ ಕೆಳಗಿನ ಅರೆಯಲ್ಲಿ ವೈನ್ ಇಟ್ಟಿರುವ ಅಂಗಡಿ ಕಂಡರೆ ಅಲ್ಲೇ ತಗೊಳ್ಳಿ. ಅಂಥ ಅಂಗಡಿ ಊರಿಗೆ ಒಂದೆರಡು ಇರುತ್ತವೆ.

ಎಲ್ಲಿ ತಗೊಳ್ಳೋದು

ನಮ್ಮ ರಾಜ್ಯದಲ್ಲಿ 2003ರಿಂದ ಮದ್ಯದ ಸಗಟು ಎಲ್ಲ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ. ಯಾವ ಅಂಗಡಿಗೂ ಮಾಲು ಅದರ ಡಿಪೋದಿಂದಲೇ ಬರಬೇಕು. ಹಾಗಾಗಿ ‘ನಮ್ಮಲ್ಲಿ ಒರಿಜಿನಲ್ ಸಿಗುತ್ತದೆ, ಅಲ್ಲಿ ಡೂಪ್ಲಿಕೇಟ್’ ಅನ್ನುವ ಮಾತು ಲೈಸೆನ್ಸ್ ಇರುವ ಅಂಗಡಿಗಳ ಮಟ್ಟಿಗೆ ವ್ಯಾಪಾರದ ಮಾತು. ವ್ಯತ್ಯಾಸ ಇರುವುದು ಲೈಸೆನ್ಸಿನಲ್ಲಿ. ಸಿಎಲ್-2 ಅಂದರೆ ಚಿಲ್ಲರೆ ಅಂಗಡಿ, ಎಂಆರ್‌ಪಿಗೇ ಕೊಡಬೇಕು, ಅಲ್ಲಿ ಕೂತು ಕುಡಿಯುವ ಹಾಗಿಲ್ಲ. ಸರ್ಕಾರಿ ಕಂಪನಿ ಎಂಎಸ್‌ಐಎಲ್‌ನ ಮಳಿಗೆಯೂ ಎಂಆರ್‌ಪಿಗೆ. ಸಿಎಲ್-9 ಅಂದರೆ ಬಾರ್ ಮತ್ತು ರೆಸ್ಟೋರೆಂಟ್, ಅಲ್ಲಿ ಕೂತಿದ್ದಕ್ಕೂ ದುಡ್ಡು. ಪಾರ್ಸಲ್ ತಗೊಂಡು ಹೋಗುವವರು ಬಾರಿನಲ್ಲಿ ಯಾಕೆ ಕೊಳ್ಳುತ್ತಾರೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಐದು ಹತ್ತು ಜಾಸ್ತಿ ಕೇಳಿದರೆ ಎಂಆರ್‌ಪಿ ತೋರಿಸಿ, ಬಿಲ್ ಕೇಳಿ. ಮುಚ್ಚಳದ ಮೇಲೆ ಅಬಕಾರಿ ಚೀಟಿ ಹರಿಯದೆ ಇರಬೇಕು. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವ ಬಾಟಲಿಗೆ ಕೈ ಹಾಕಬೇಡಿ.

ಬೆಳಗಾವಿಯವರು ಇಷ್ಟು ಓದಿ ನಗುತ್ತಿರಬಹುದು. ಅವರಿಗೆ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ಬೆಲೆ ಕಡಿಮೆ ಅನ್ನುವುದು ನಿಜ. ಆದರೆ ಅಲ್ಲಿಯ ಬಾಟಲಿ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಅಂತ ಅಚ್ಚಾಗಿರುತ್ತದೆ. ಪರ್ಮಿಟ್ ಇಲ್ಲದೆ ಗಡಿ ದಾಟಿಸಿದರೆ ಅದು ಅಪರಾಧ. ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿದಾಗ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ, ಗಾಡಿಯೂ ಸಿಕ್ಕಿಬೀಳುತ್ತದೆ. ಗೋಡಂಬಿ ಹಣ್ಣಿನ ಫೆನಿಗೆ 2009ರಲ್ಲಿ ಜಿಐ, ಅಂದರೆ ಆ ನೆಲದ್ದೇ ಸರಕು ಅನ್ನುವ ಮಾನ್ಯತೆ ಸಿಕ್ಕಿದೆ, ಒಳ್ಳೆಯ ಸಾರಾಯಿ ಅದು. ಅಲ್ಲೇ ಕೂತು ಕುಡಿದು ಬನ್ನಿ.

ಫೋನ್ ಮಾಡುವವರಿಗೆ ಈಗ ನಾನು ಹೇಳುವುದು ಇಷ್ಟೇ. ಗೆಳೆಯರು ನಾಲ್ಕು ಜನ ಹೊಲದಲ್ಲಿ ಸೇರುತ್ತೀರಾ, ರಮ್ ಒಂದು ಹಾಫ್, ಜೊತೆಗೆ ನೀರು ಜಾಸ್ತಿ. ಬೀಗರು ಬರುತ್ತಿದ್ದಾರಾ, ಧಾನ್ಯದ ಸ್ಪಿರಿಟ್ಟಿನ ವಿಸ್ಕಿ. ಮನೆಯ ಹೆಣ್ಣುಮಕ್ಕಳೂ ಕೂರುವ ಊಟವಾ, ತಣ್ಣಗಿನ ಶೆನಿನ್. ಯಾರಿಗಾದರೂ ಉಡುಗೊರೆ ಕೊಡಬೇಕಾ, ಗ್ರೋವರ್‌ನ ಲಾ ರಿಸರ್ವ್ ಕಡೆ ನೋಡಿ, ಸಾವಿರ ದಾಟಬಹುದು, ಒಂದು ಸಲಕ್ಕೆ ಪರವಾಗಿಲ್ಲ. ಕುಡಿಯದವರು ಒಬ್ಬರಿದ್ದರೆ ಅವರಿಗೆ ಒತ್ತಾಯ ಮಾಡಬೇಡಿ, ಅವರೇ ಗಾಡಿ ಓಡಿಸಲಿ.

ವೈನ್ ಬಾಟಲಿ ತೆರೆದ ಮೇಲೆ ಉಳಿದರೆ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿ ನಿಲ್ಲಿಸಿ, ಮೂರು ನಾಲ್ಕು ದಿನ ತಡೆಯುತ್ತದೆ. ಅದಕ್ಕೂ ಮೇಲೆ ಉಳಿದರೆ ಮಟನ್‌ಗೆ ಮಸಾಲೆ ಹುರಿದ ಮೇಲೆ ಅರ್ಧ ಲೋಟ ಸುರಿಯಿರಿ. ನಮ್ಮ ಮನೆಯಲ್ಲಿ ಹೋದ ತಿಂಗಳು ಹಾಗೇ ಮಾಡಿದ್ದರು. ಭಾವಮೈದುನ ಮತ್ತೆ ಬಂದಿದ್ದ, ಎರಡು ಸಲ ಹಾಕಿಸಿಕೊಂಡ. ಬಾಟಲಿ ತೋರಿಸಿದಾಗ ಅವನು ಕೇಳಿದ ಮೊದಲ ಪ್ರಶ್ನೆ: “ಭಾವ, ಇದು ಕೂಲರ್‌ನಲ್ಲಿತ್ತಾ, ಹಲಗೆ ಮೇಲಿತ್ತಾ?”